ನೌಶಾದ್ ಕೆರೆಗೆ ಬಿಟ್ಟ ಮೀನು

ಪ್ರೀತಿಸುವ ಹುಡುಗರು ಗುಲಾಬಿ ಕೊಡುತ್ತಾರೆ, ಚಾಕೊಲೇಟ್ ಕೊಡುತ್ತಾರೆ, ತೀರಾ ಧೈರ್ಯ ಬಂದರೆ ಉಂಗುರ ಕೊಡುತ್ತಾರೆ. ರುಬೀನಾಳ ಹಣೆಯಲ್ಲಿ ಬರೆದದ್ದೇ ಬೇರೆ. ನೌಶಾದ್ ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಹರಿಹರಪುರದ ಆಚೆಯ ಪುಟ್ಟ ಕೆರೆಯ ಏರಿ ಮೇಲೆ ನಿಲ್ಲಿಸಿದ್ದ.

“ಈಗ ಕಣ್ಬಿಡು.”

ಬಿಟ್ಟಳು. ಮೇ ತಿಂಗಳ ಬಿಸಿಲಿಗೆ ಕೆರೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ನೌಶಾದ್ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಎರಚಿದ. ನೀರು ಕುದಿಯುವ ಎಸರಿನ ಹಾಗೆ ಎದ್ದಿತು. ಎಲ್ಲಿ ನೋಡಿದರೂ ಮೀನು.

“ಹೆಂಗೆ?” ಎಂದ. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ರಿಪೇರಿ ಮಾಡಿ ಸ್ವಿಚ್ ಒತ್ತುವಾಗಲೂ ಅವನ ಮುಖ ಹೀಗೇ ಅರಳುತ್ತದೆ. ಆ ಮುಖಕ್ಕೆ ಅವಳು ಹೈಸ್ಕೂಲಿನಲ್ಲೇ ಸೋತಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ರುಬೀನಾ ಬಗ್ಗಿ ನೋಡಿದಳು. ಬೆನ್ನ ಮೇಲೆ ಮುಳ್ಳಿನ ಸಾಲು, ಅಗಲ ಮೈ.

“ಇದು ಜಿಲೇಬಿ ಮೀನು.”

“ಹೌದು! ದೀಪಾವಳಿ ಹೊತ್ತಿಗೆ ಮರಿ ತಂದು ಬಿಟ್ಟಿದ್ದು. ನಿಂಗೆ ಸರ್ಪ್ರೈಸ್ ಅಂತ ಇಷ್ಟು ದಿನ ಬಾಯಿ ಮುಚ್ಕಂಡಿದ್ದೆ. ಕೆರೇಲಿ ಮೀನೇ ಇಲ್ಲ, ಮೀನೇ ಇಲ್ಲ ಅಂತ ಅಳ್ತಿದ್ಯಲ, ಈಗ ನೋಡು ಮಾರಾಯ್ತಿ!”

“ನಾನು ಅತ್ತಿದ್ದು ಹತ್ತುಮೀನಿಗೆ ಮಾರಾಯ! ಜಿಲೇಬಿಗಲ್ಲ!”

ಹತ್ತುಮೀನು ಅಂದರೆ ಮೊದಲ ಮಳೆಗೆ ತುಂಗೆಯಿಂದ ಹಳ್ಳ ಹತ್ತಿ, ಗದ್ದೆಗೋ ಕೆರೆಗೋ ಬಂದು ಮೊಟ್ಟೆಯಿಡುವ ನಮ್ಮೂರ ಮೀನು. ಗದ್ದೆಗಳು ತೋಟವಾದವು, ತೋಟದ ಔಷಧಿ ಹಳ್ಳಕ್ಕೆ ಇಳಿಯಿತು, ಇದ್ದಬದ್ದ ಹಳ್ಳಗಳಿಗೂ ಅಡ್ಡಡ್ಡ ಸಿಮೆಂಟ್ ಕಟ್ಟೆ ಬಿತ್ತು. ಆ ಸೀಮೆಯಲ್ಲಿ ಮೀನಿಗೆ ಹತ್ತಲು ಉಳಿದದ್ದು ಈ ಕೆರೆಯ ದಾರಿ ಒಂದೇ. ಕೊಪ್ಪದಲ್ಲಿ ಜೀವಶಾಸ್ತ್ರ ಪಾಠ ಹೇಳುವ ರುಬೀನಾ ರಜೆಯ ದಿನವೆಲ್ಲ ಇಲ್ಲೇ ಸುತ್ತಿ, ಊರವರ ಕೈಕಾಲು ಹಿಡಿದು, ಬೇಸಿಗೆಯ ಕೆರೆಬೇಟೆಯನ್ನೇ ನಿಲ್ಲಿಸಿದ್ದಳು. ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ನೀರಿಗಿಳಿದು ಮೀನು ಮುಚ್ಚಿ ಹಿಡಿಯುವ ರೂಢಿ ಅದು. ನಿಲ್ಲಿಸಿದ್ದಕ್ಕೆ ಬೈಸಿಕೊಂಡದ್ದು ಕಡಿಮೆಯೇನಲ್ಲ.

“ಇವು ಹೊರದೇಶದ ಮೀನು. ಹತ್ತುಮೀನಿನ ಮೊಟ್ಟೆ ತಿಂತಾವೆ, ಜಾಗ ಹಿಡೀತಾವೆ. ಮಳೆಗೆ ಕೆರೆ ಕೋಡಿ ಬಿದ್ರೆ ಹಳ್ಳಕ್ಕಿಳೀತಾವೆ, ಹಳ್ಳದಿಂದ ಹೊಳೆಗೆ.”

“ಮೀನು ಮೀನು ಹೊಂದ್ಕಂಡು ಹೋಗಲ್ವಾ?”

ಇಂಥ ಪ್ರಶ್ನೆಗೆ ಉತ್ತರ ಕೊಡುವಷ್ಟು ತಾಳ್ಮೆಯನ್ನು ಅಲ್ಲಾ ಯಾರಿಗೂ ಕೊಟ್ಟಿರಲಾರ.

“ಶುಕ್ರವಾರ ಅಮ್ಮಿ ನಿಮ್ಮನೆಗೆ ಬರ್ತಾರೆ,” ನೌಶಾದ್ ಮೆಲ್ಲಗೆ ಹೇಳಿದ. “ನಮ್ಮಿಬ್ಬರ ವಿಷ್ಯ ಮಾತಾಡಕ್ಕೆ.”

“ಬರೋದು ಬೇಡ ಅನ್ನು.”

“ಮೀನಿಗೋಸ್ಕರವಾ?”

“ಕೇಳ್ದೆ ಮಾಡ್ತೀಯಲ್ಲ, ಅದಕ್ಕೆ! ಇವತ್ತು ಕೆರೆ, ನಾಳೆ ಸಂಸಾರ. ನಂಗೆ ಖುಷಿ ಆಗ್ಲಿ ಅಂತ ನನ್ನ ಒಂದ್ಮಾತು ಕೇಳ್ದೆ ಎಲ್ಲ ಮಾಡಿ ಮುಗ್ಸಿ, ಆಮೇಲೆ ಕಣ್ಬಿಡು ಅಂತೀಯ. ಅಮ್ಮಿ ಬರೋದೂ ನಂಗೆ ಈಗ್ಲೇ ಗೊತ್ತಾಗಿದ್ದು.”

ಅರಳಿದ ಮುಖ ಬಾಡಿತು. ಅದನ್ನು ನೋಡಿ ತನಗೇ ಪಾಪ ಅನ್ನಿಸಿದ್ದು ರುಬೀನಾಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಸ್ಕೂಟಿ ಹತ್ತಿ ಹೊರಟೇಬಿಟ್ಟಳು.

ಮಳೆಗೆ ಮುಂಚೆ ಕೆರೆ ಖಾಲಿ ಮಾಡಲು ಇದ್ದದ್ದು ಒಂದೇ ದಾರಿ, ಅವಳೇ ನಿಲ್ಲಿಸಿದ ಕೆರೆಬೇಟೆ. ಮರುದಿನ ಮಾನ ಮರ್ಯಾದೆಯನ್ನೆಲ್ಲ ನುಂಗಿಕೊಂಡು ಊರಿನ ಹಿರಿಯ ಸುಬ್ಬಪ್ಪನ ಮನೆಗೆ ಹೋದರೆ, ಜಗಲಿಯಲ್ಲಿ ನೌಶಾದ್ ಆಗಲೇ ತಲೆ ತಗ್ಗಿಸಿ ಕೂತಿದ್ದ. ಸುಬ್ಬಪ್ಪನ ಹೆಂಡತಿ ಸೀತಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕೂ ನಕ್ಕೂ.

“ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದಾನಲ್ಲ ಟೀಚ್ರೇ, ನಿಮ್ ಹುಡ್ಗ!” ಎಂದ ಸುಬ್ಬಪ್ಪ.

“ನಮ್ ಹುಡ್ಗ ಅಲ್ಲ.”

“ಯಾರ್ದಾದ್ರೂ ಆಗ್ಲಿ. ನಮ್ ಕೈಲಿ ಕೂಣಿ ಅಟ್ಟಕ್ಕೆ ಹಾಕ್ಸಿದೋರು ನೀವು. ಈಗ ಇಳ್ಸಿ ಅಂತಾನೆ ಇವ.”

ನೌಶಾದ್ ತಲೆಯೆತ್ತಿ ಅವಳನ್ನೇ ನೋಡಿದ. “ಮಾಡಿದ ತಪ್ಪು ಒಪ್ಕಳಕ್ಕೆ ಬಂದಿದ್ದು ನಾನು. ಬೇಟೆ ಮಾಡ್ಸದಾ ಬ್ಯಾಡ್ವಾ, ನೀನು ಹೇಳು. ಹೆಂಗೆ ಮಾಡ್ಸದು ಅದೂ ಹೇಳು. ನೀನು ಹೇಳ್ದಂಗೆ.”

ರುಬೀನಾ ಜಗಲಿ ಹತ್ತಿ ಕೂತಳು. “ಜಿಲೇಬಿ ಎಲ್ಲ ನಿಮ್ಮನೆ ಸಾರಿಗೆ. ನಮ್ಮೂರ ಮೀನು ಸಿಕ್ರೆ ಡ್ರಮ್ಮಿಗೆ, ಆಮೇಲೆ ವಾಪಸ್ ಕೆರೆಗೆ,” ಎಂದಳು ಸುಬ್ಬಪ್ಪನಿಗೆ. ಅವನು ಸಾರಿನ ಮಾತಿಗೆ ಕೂಡಲೇ ಒಪ್ಪಿದ.

ಭಾನುವಾರ ನೌಶಾದನ ಪಂಪು ನೀರನ್ನು ಮೊಣಕಾಲಿಗೆ ಇಳಿಸಿತು, ಊರು ಕೂಣಿ ಹಿಡಿದು ಇಳಿಯಿತು. ಕೆಸರು, ಕೂಗು, ನಗು. ನೌಶಾದ್ ಹೆಜ್ಜೆಗೊಮ್ಮೆ ಜಾರಿ ಬೀಳುತ್ತ, ಹಿಡಿದ ಪ್ರತಿ ಮೀನನ್ನೂ ಎತ್ತಿ ತೋರಿಸುತ್ತಿದ್ದ.

“ರುಬೀ, ಇದು ಯಾವುದು?”

“ಜಿಲೇಬಿ.”

“ಇದು?”

“ಅದೂ ಜಿಲೇಬಿ! ಕಣ್ಣು ಕಾಣಲ್ವಾ ನಿಂಗೆ?”

ಒಮ್ಮೆ ಅವನು ಕೇಳಲಿಲ್ಲ, “ಅಯ್ಯಮ್ಮಾ!” ಎಂದು ಕೂಗಿದ. ಕೈಯಲ್ಲಿ ಮೀಸೆಯ ಕಪ್ಪು ಮುರುಗೋಡು ಮೀನು, ಅಪ್ಪಟ ನಮ್ಮೂರದ್ದು. ಅದರ ಮುಳ್ಳು ಅಂಗೈಗೆ ಇಳಿದು ರಕ್ತ ಸುರಿಯುತ್ತಿತ್ತು. ಆದರೂ ಬಿಡದೆ, ಹಲ್ಲು ಕಚ್ಚಿ ಕೆಸರಲ್ಲಿ ಓಡುತ್ತ ಬಂದು ಡ್ರಮ್ಮಿಗೆ ಹಾಕಿದ.

“ಬಿಟ್ಟು ಮತ್ತೆ ಹಿಡೀಬಹುದಿತ್ತಲ್ಲ!” ರುಬೀನಾ ಅವನ ಕೈ ಎಳೆದು ಕುಡಿಯುವ ನೀರು ಸುರಿದು ತೊಳೆದಳು.

“ತಪ್ಪಿಸ್ಕಂಡು ಕೂಣಿಗೆ ಸಿಕ್ಕಿ ಸತ್ರೆ ನೀನು ಅಳ್ತೀಯ.” ನೋವಿಗೆ ಅವನ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಅವಳು ಆ ಕೈಯನ್ನು ಗಾಯ ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದಳು. ಸೀತಕ್ಕ ಕೆಮ್ಮಿದಾಗಲೇ ಬಿಟ್ಟದ್ದು.

ಸಂಜೆ ಹೊತ್ತಿಗೆ ಊರವರು ಬುಟ್ಟಿ ತುಂಬಿಕೊಂಡು ಹೋದರು. ರುಬೀನಾ ಒಂದು ದೊಡ್ಡ ಜಿಲೇಬಿಯ ಬಾಯಿ ಬಿಡಿಸಿ ಬೋಗುಣಿಯ ಮೇಲೆ ಹಿಡಿದಳು. ಸಾಸಿವೆ ಕಾಳಿನಂಥ ಕಣ್ಣಿನ ಮರಿಗಳು ಬುಳುಬುಳು ಉದುರಿದವು.

“ಮರೀನ ಬಾಯಲ್ಲೇ ಸಾಕತ್ತೆ ಇದು. ಇಂಥದ್ದೊಂದು ಕೆಸರಲ್ಲಿ ಉಳಿದ್ರೆ ಸಾಕು.”

“ಹಂಗಾದ್ರೆ ಪೂರ್ತಿ ಹೋಗಿಲ್ವಾ?”

“ಹೋಗಲ್ಲ. ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ಮಳೆಗಾಲ ಪೂರ್ತಿ ಕಾಯ್ಬೇಕು. ಹತ್ತೋ ಮೀನನ್ನ ಕೈಯಾರೆ ಎತ್ತಿ ಒಳಗೆ ಬಿಡ್ಬೇಕು. ಬೇಸಿಗೆ ಬಂದ್ರೆ ಮತ್ತೆ ಹಿಂಗೇ ಇಳೀಬೇಕು.”

“ಎಷ್ಟು ವರ್ಷ?”

“ಬದುಕಿರೋ ತನಕ.”

ನೌಶಾದ್ ಬಗ್ಗಿ ಬೋಗುಣಿಯ ಮರಿಗಳನ್ನು ನೋಡಿದ. ಆಮೇಲೆ, “ಒಂದು ಕೇಳ್ಲಾ?” ಎಂದ. “ಬದುಕಿರೋ ತನಕ ನಿನ್ ಜೊತೆ ಇಳೀಲಾ?”

ಎಂಥ ಮಾತು ಕೇಳುತ್ತಾನೆ, ಅದೂ ಕೂದಲಿಗೆಲ್ಲ ಕೆಸರು ಮೆತ್ತಿಕೊಂಡು! ರುಬೀನಾಳಿಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು. ಇವನನ್ನು ಬಿಟ್ಟರೆ ತನಗೆ ಈ ಭೂಮಿಯ ಮೇಲೆ ಇನ್ನೊಬ್ಬ ಬೇಡ ಎಂಬುದು ಹೈಸ್ಕೂಲಿನಿಂದಲೂ ಗೊತ್ತಿದ್ದ ಸತ್ಯ.

“ಮತ್ತೆ ನಾನೊಬ್ಳೇ ಇಳೀಲಾ? ಇಷ್ಟ ಅಂತ ಬಾಯಿಬಿಟ್ಟೇ ಹೇಳ್ಬೇಕಾ ನಿಂಗೆ? ಇಷ್ಟ. ಸಾಕಾ? ಶುಕ್ರವಾರ ಅಮ್ಮಿನ ಕಳ್ಸು.”

ಅವನ ಮುಖ ಅರಳಿತು. ಅದನ್ನು ನೋಡಿದರೆ ಕೆಲಸ ಕೆಡುತ್ತದೆಂದು ಅವಳು ಏರಿ ಮೇಲೆ ತಂದಿಟ್ಟಿದ್ದ ಬಲೆಯ ಒಂದು ತುದಿ ಎತ್ತಿಕೊಂಡು ಕೋಡಿಯ ಕಡೆ ನಡೆದಳು. ಅವನು ಇನ್ನೊಂದು ತುದಿ ಹಿಡಿದು ಹಿಂದೆ ಬಂದ.

“ರುಬೀ, ಇಲ್ಲಿ ಕಟ್ಲಾ?”

“ಹ್ಞೂಂ.”

“ಎರಡು ಗಂಟಾ, ಮೂರಾ?”

“ಮೂರು.”

“ಹಗ್ಗ ಈ ಕಡೆಯಿಂದ ತರ್ಲಾ, ಆ ಕಡೆಯಿಂದಾನಾ?”

“ಎಲ್ಲದಕ್ಕೂ ಕೇಳ್ಬೇಡ ಮಾರಾಯ,” ರುಬೀನಾ ಹಣೆ ಚಚ್ಚಿಕೊಂಡಳು, “ತಲೆ ಚಿಟ್ಟು ಹಿಡಿಯತ್ತೆ!”