ಮನೆ ಬಿಟ್ಟುಕೊಟ್ಟ ಹೆಬ್ಬೆಟ್ಟು

"ನಮ್ಮಪ್ಪ ಎದ್ರುಕೊಂಡು ಸಾಯೋ ಆಳಲ್ಲ ಸಾ," ಎಂದಳು ದಿವ್ಯ. ಅಪ್ಪನನ್ನು ಮಣ್ಣು ಮಾಡಿ ಎರಡೇ ದಿನವಾಗಿತ್ತು. ಆ ಶನಿವಾರ ಬೆಳಗ್ಗೆ ಅವಳು ಟಿ. ನರಸೀಪುರದಿಂದ ಬಸ್ಸು ಹಿಡಿದು, ನಂಜನಗೂಡು ಕೋರ್ಟಿನ ಎದುರಿಗಿರುವ ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ದಳು.

ಹೇಳಿದ್ದು ನನಗಲ್ಲ, ಅಂಗಡಿಯ ಖಾಯಂ ಗಿರಾಕಿ ರಂಗನಾಯಕರಿಗೆ. ಗಿರಾಕಿ ಅನ್ನುವುದು ನನ್ನ ಔದಾರ್ಯ. ಹತ್ತು ವರ್ಷದಲ್ಲಿ ಒಂದು ಹಾಳೆ ಟೈಪ್ ಮಾಡಿಸಿದವರಲ್ಲ. ಕೋರ್ಟ್ ಅಮೀನರಾಗಿ ಮೂವತ್ತು ವರ್ಷ ಜನರ ಬಾಗಿಲಿಗೆ ನೋಟಿಸ್ ಅಂಟಿಸಿ ನಿವೃತ್ತರಾದವರು. ಪೊಲೀಸರು ಕೈಬಿಟ್ಟ ಪ್ರಕರಣಗಳ ಗಂಟು ಹೊತ್ತು ಬರುವವರಿಗೆ ಈಗ ಅವರ ವಿಳಾಸವೇ ನನ್ನ ಅಂಗಡಿ.

ಸತ್ತ ಪುಟ್ಟಬಸವಯ್ಯ ನನಗೂ ಗೊತ್ತು. ನಮ್ಮೂರ ಶಾಲೆಯಲ್ಲಿ ಜವಾನರಾಗಿದ್ದರು. ನರಸೀಪುರದಲ್ಲಿ ರಘು ಎಂಬಾತನ ಮನೆಯ ಕೆಳಭಾಗವನ್ನು ಲೀಸಿಗೆ ಪಡೆದಿದ್ದರು. ಆಮೇಲೆ ರಘು ಅದೇ ಮನೆಯನ್ನು ಅಡವಿಟ್ಟು ಸಾಲ ತೆಗೆದು ತೀರಿಸದೆ ಕೈಯೆತ್ತಿದ. ಬ್ಯಾಂಕಿನವರು ಜಪ್ತಿ ನೋಟಿಸ್ ಅಂಟಿಸಿದರು. ಅದೇ ವಾರದ ಸೋಮವಾರ ಪುಟ್ಟಬಸವಯ್ಯ ನನ್ನಲ್ಲಿ ಅರ್ಜಿ ಟೈಪ್ ಮಾಡಿಸಿದ್ದರು. ಸಾಲಕ್ಕೆ ಮುಂಚೆಯೇ ಲೀಸ್ ನೋಂದಣಿಯಾಗಿತ್ತು. ಹಾಗಾಗಿ ಅವಧಿ ಮುಗಿಯುವ ತನಕ ಎಬ್ಬಿಸಬಾರದೆಂದು ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಯನ್ನು ಕೇಳಬಹುದಿತ್ತು, ಅದೂ ನಲವತ್ತೈದು ದಿನದೊಳಗೆ. ಈಗ ಉಳಿದಿದ್ದು ನಾಲ್ಕು ದಿನ.

ಆ ಅರ್ಜಿಗೆ ಸಹಿ ಹಾಕುವ ಮುಂಚೆಯೇ, ಬುಧವಾರ ಬೆಳಗ್ಗೆ, ಮನೆಯಂಗಳದ ನೀರಿನ ಸಂಪಿನಲ್ಲಿ ಅವರ ಹೆಣ ಸಿಕ್ಕಿತು. ಹೆಂಡತಿ, ಮಗಳು ಹಿಂದಿನ ದಿನವೇ ಸೋಸಲೆಯ ನೆಂಟರ ಮನೆಗೆ ಹೋಗಿದ್ದರು. ಮಹಡಿಯ ಮೇಲೆ ಲೀಸಿಗಿದ್ದ ಪ್ರೇಮ್‌ಕುಮಾರ್ ಸಂಪಿನ ಮುಚ್ಚಳ ತೆರೆದಿರುವುದನ್ನು ಕಂಡು, ಒಬ್ಬನೇ ಹೆಣವನ್ನು ಮೇಲೆತ್ತಿ ಪೊಲೀಸರಿಗೆ ಫೋನ್ ಮಾಡಿದನಂತೆ. ಮುಳುಗಿ ಸತ್ತದ್ದೆಂದು ವರದಿ ಬಂತು. ಜಪ್ತಿಗೆ ಹೆದರಿ ಹಾರಿಕೊಂಡರೆಂದು ಬೀದಿಯೇ ತೀರ್ಮಾನಿಸಿತು.

"ಮಣ್ಣು ಮಾಡಿ ಬರೋ ಒತ್ಗೆ ರಘು ಈ ಕಾಗದ ತಂದ," ಎಂದು ದಿವ್ಯ ಮೊಬೈಲಿನಲ್ಲಿ ಫೋಟೊ ತೋರಿಸಿದಳು. 'ಲೀಸ್ ಬಿಟ್ಟುಕೊಟ್ಟಿದ್ದೇನೆ' ಎಂಬ ಒಕ್ಕಣೆ, ಹಿಂದಿನ ವಾರದ ತಾರೀಖು, ಕೆಳಗೆ ನೀಲಿ ಹೆಬ್ಬೆಟ್ಟು. "ಅಪ್ಪ ಸೈನ್ ಮಾಡೋರು ಸಾ. ಕೈ ನಡುಗ್ತಿತ್ತು, ಅದ್ಕೇ ಎಬ್ಬೆಟ್ಟು ಅಂತಾನೆ."

"ಮೈ ತೊಳೆಯುವಾಗ ಏನಾದರೂ ಕಂಡೆಯಾ ಮಗು?" ಎಂದು ಕೇಳಿದರು ರಂಗನಾಯಕರು.

"ಎಡಗೈ ಎಬ್ಬೆಟ್ಟು ನೀಲಿ ಇತ್ತು, ಉಜ್ಜಿದ್ರೂ ಓಗ್ಲಿಲ್ಲ. ಎರಡು ಕೈ ಗೆಣ್ಣೂ ಕಿತ್ತೋಗಿದ್ವು. ಉಗುರಲ್ಲೆಲ್ಲ ಸಿಮೆಂಟು."

ರಂಗನಾಯಕರು ಅವಳು ತಂದಿದ್ದ ಲೀಸ್ ಪತ್ರವನ್ನು ತೆರೆದು, ನೋಂದಣಿಯಲ್ಲಿ ಒತ್ತಿಸಿದ್ದ ಹೆಬ್ಬೆಟ್ಟನ್ನೂ ಫೋಟೊವನ್ನೂ ಬಹಳ ಹೊತ್ತು ನೋಡಿದರು. ನಾನು ತರಿಸಿದ ಚಹಾ ಮುಟ್ಟಲಿಲ್ಲ.

ಅದೇ ಸಂಜೆ ರಂಗನಾಯಕರು ಹೇಳಿಕಳಿಸಿದಂತೆ ನರಸೀಪುರದ ಆ ಅಂಗಳದಲ್ಲಿ ಎಲ್ಲರೂ ಸೇರಿದೆವು. ಸಬ್‌ಇನ್‌ಸ್ಪೆಕ್ಟರ್, ಮೂಲ ಕಾಗದದೊಂದಿಗೆ ರಘು, ಪ್ರೇಮ್‌ಕುಮಾರ್, ಅವನ ಹೆಂಡತಿ ಮಧುಶ್ರೀ.

"ಮನೆ ಬಿಟ್ಟುಕೊಟ್ಟವನು ಆಮೇಲೆ ಸೋಮವಾರ ಬಂದು ಮನೆ ಉಳಿಸಿಕೊಳ್ಳಲು ಅರ್ಜಿ ಬರೆಸುತ್ತಾನೆಯೇ?" ಎಂದು ಶುರುಮಾಡಿದರು ರಂಗನಾಯಕರು. "ಇರಲಿ. ಈ ಹೆಬ್ಬೆಟ್ಟು ನೋಡಿ. ರೇಖೆಗಳಿಗೆ ಅಡ್ಡಡ್ಡ ಆಳವಾದ ಸುಕ್ಕು. ಲೀಸ್ ಪತ್ರದಲ್ಲಿ ಒಂದೂ ಇಲ್ಲ. ಹೊತ್ತುಗಟ್ಟಲೆ ಬಟ್ಟೆ ಒಗೆದ ಕೈ ಹೀಗಾಗುತ್ತದೆ. ರಾತ್ರಿಯಿಡೀ ನೀರಿನಲ್ಲಿದ್ದ ಹೆಣದ ಕೈಯೂ ಅಷ್ಟೇ. ಒತ್ತಿಸಿದ್ದು ಸತ್ತ ಮೇಲೆ."

ರಘು ಕಾಗದವನ್ನು ಮಡಚಲು ಹೋದ. ಸಬ್‌ಇನ್‌ಸ್ಪೆಕ್ಟರ್ ಅದನ್ನು ಕಿತ್ತುಕೊಂಡರು.

"ಪೊಲೀಸರು ಬರುವ ಮುಂಚೆ ಹೆಣದ ಹತ್ತಿರ ಇದ್ದವನು ಒಬ್ಬನೇ. ಮುಚ್ಚಳ ತೆರೆದಿತ್ತು ಎಂದವನೂ ಅವನೇ. ತೆರೆದಿದ್ದರೆ ಮನುಷ್ಯ ಅಂಚು ಹಿಡಿದು ಕೂಗುತ್ತಿದ್ದ. ಗೆಣ್ಣು ಕಿತ್ತುಹೋಗಲು ತಲೆಯ ಮೇಲೆ ಗುದ್ದುವಂಥದ್ದೊಂದು ಇರಬೇಕು. ಆ ಸಿಮೆಂಟ್ ಮುಚ್ಚಳ ಹಾಕಿದ್ದು ನೀನೇ ಅಲ್ಲವೇ, ಪ್ರೇಮ್‌ಕುಮಾರ್?"

ಅವನು ಕುಸಿದು ಕೂತ. "ಇಬ್ರೂ ಖಾಲಿ ಮಾಡುದ್ರೆ ಮನೆ ತಕ್ಕೊಳೋಕೆ ಪಾರ್ಟಿ ಅವ್ರೆ, ನಿನ್ ಲೀಸ್ ದುಡ್ಡು ಕೊಡ್ತೀನಿ ಅಂದ ರಘು. ಅಣ್ಣ ಒಪ್ಲಿಲ್ಲ. ಮಂಗಳವಾರ ರಾತ್ರಿ ಸಂಪಲ್ಲಿ ನೀರು ನೋಡ್ತಿದ್ರು, ಸಿಟ್ಟಲ್ಲಿ ತಳ್ಬುಟ್ಟೆ. ಕೂಗಿದ್ರು. ಯಾರಾದ್ರೂ ಕೇಳಿಸ್ಕಂಡಾರು ಅಂತ ಮುಚ್ದೆ. ಬೆಳಗ್ಗೆ ರಘುಗೆ ಏಳ್ದೆ. ಕಾಗದ ತಂದು ಕೊಟ್ಟ, ಎಣದ ಎಬ್ಬೆಟ್ಟು ಒತ್ತುಸ್ದೆ."

ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ. ಬದಲಿಗೆ ಬ್ಯಾಗಿನಿಂದ ಆ ಅರ್ಜಿ ತೆಗೆದು ಅವನ ಮುಂದೆ ಹಿಡಿದೆ. "ಓದು. ಎರಡನೇ ಅರ್ಜಿದಾರ ಯಾರು?"

ಅವನದೇ ಹೆಸರು. ಅವನ ಲೀಸೂ ಸಾಲಕ್ಕೆ ಮುಂಚಿನದು, ಅದೂ ನೋಂದಣಿಯಾದದ್ದು. 'ಪಾಪ, ಅವನಿಗೆ ಇದೆಲ್ಲ ತಿಳಿಯಲ್ಲ, ಸೇರಿಸಮ್ಮ' ಎಂದು ಪುಟ್ಟಬಸವಯ್ಯ ಹೇಳಿ ಬರೆಸಿದ್ದರು. ಅವನು ಓದಿ ಮುಗಿಸಲಿಲ್ಲ. ಹಾಳೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತ.

ಪೊಲೀಸರು ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ಮಧುಶ್ರೀ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮಹಡಿಯ ಮೆಟ್ಟಿಲಲ್ಲೇ ನಿಂತಿದ್ದಳು.

"ತಂದೆಯ ವಾರಸುದಾರಳಾಗಿ ನೀನು ಸಹಿ ಹಾಕಬಹುದು," ಎಂದೆ ದಿವ್ಯಳಿಗೆ. "ಎರಡನೇ ಹೆಸರು ಉಳಿದರೆ ಅವನ ಬದಲು ಮಧುಶ್ರೀ ಬೆಂಗಳೂರಿಗೆ ಬರಬೇಕು. ತೆಗೆದುಬಿಡಲೇ?"

ದಿವ್ಯ ಮೆಟ್ಟಿಲ ಕಡೆ ಕಣ್ಣೆತ್ತಲಿಲ್ಲ.

"ಇರ್ಲಿ ಅಕ್ಕ. ಬೀದಿಗೆ ಬಿದ್ರೆ ಆ ಮಗೂನ ಎಲ್ ಮಲಗಿಸ್ತಾಳೆ?" ಎಂದಳು. "ಆದ್ರೆ ಬೆಂಗಳೂರಿಗೆ ಅವಳು ಬೇರೆ ಬಸ್ಸಲ್ಲಿ ಬರ್ಲಿ."