ಕೊಡ್ಲಿ ಮಾವನ ಕೊನೆಯ ಬಾಗಿಲು

ಗೋಡೆಯಾಚೆ ಹೆಣ್ಣೊಬ್ಬಳು ಕಿಟಾರನೆ ಕಿರುಚಿದಾಗ ಪುಷ್ಪಲತಾ ಯಾರದೋ ಮದುವೆ ಜಂಪರಿಗೆ ತೋಳು ಕತ್ತರಿಸುತ್ತಿದ್ದಳು. ಕೈಯಲ್ಲಿದ್ದ ದೊಡ್ಡ ಕತ್ತರಿಯನ್ನು ಕೆಳಗಿಡಬೇಕೆಂದೂ ಹೊಳೆಯಲಿಲ್ಲ, ಎದ್ದವಳೇ ಓಡಿದಳು. ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಹಾಡಹಗಲೇ ಹೆಣ್ಣುಮಗಳ ಮೇಲೆ ಕೈ ಮಾಡುವ ಗಂಡಸು ಯಾರು, ಅದೂ ತನ್ನ ಟೈಲರ್ ಅಂಗಡಿಯ ಪಕ್ಕದಲ್ಲಿ?

ಪಕ್ಕದ ಮಳಿಗೆ ಮೊನ್ನೆಯವರೆಗೂ ಖಾಲಿಯಿತ್ತು. ಬಾಗಿಲು ತಳ್ಳಿದರೆ ಒಳಗೆ ಕತ್ತಲು, ಆ ಕತ್ತಲಲ್ಲಿ ಆಳೆತ್ತರದ ಒಂದು ಮಷೀನು, ಅದರ ಪರದೆಯ ನೀಲಿ ಬೆಳಕು. ಮುಂದೆ ನಿಂತಿದ್ದ ಯುವಕ ತಿರುಗಿ ನೋಡಿದ. ಬಾಗಿಲಲ್ಲಿ ತುರುಬು ಬಿಚ್ಚಿದ ಹೆಂಗಸು, ಎತ್ತಿದ ಕೈಯಲ್ಲಿ ಕತ್ತರಿ. ಈ ಸಲ ಕಿರುಚಿದವನು ಅವನು.

ಇದೇ ಅವರ ಮೊದಲ ಭೇಟಿ. ಸೆರಗು ಹಾರಿತು, ಹೂವು ಉದುರಿತು ಎಂದೆಲ್ಲ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಗಂಡು ಹೆದರಿ ಮಷೀನಿನ ಹಿಂದೆ ಸೇರಿಕೊಂಡ, ಹೆಣ್ಣು ಕತ್ತರಿ ಹಿಡಿದು ನಿಂತಳು, ಆಗಿದ್ದು ಇಷ್ಟೇ.

"ಒದರಿದಾಕಿ ಎಲ್ಲಿ ಅದಾಳ?"

"ಇದರೊಳಗ ಅದಾಳ್ರಿ. ಗೇಮಿನಾಕಿ," ಅವನು ಪರದೆ ತೋರಿಸಿದ. "ಮೊದ್ಲು ಆ ಕತ್ತರಿ ಕೆಳಗಿಡ್ರಿ, ನಿಮಗ ಕೈ ಮುಗೀತೀನಿ."

ಪುಷ್ಪಲತಾಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಾಗ ಮೊದಲು ಮೂಗುತಿ ನಗುತ್ತದೆ, ಆಮೇಲೆ ತುಟಿ. ಅವನು ಎರಡನ್ನೂ ಒಂದರ ನಂತರ ಒಂದು ನೋಡಿದ, ನೋಡಿದ್ದು ಅವಳಿಗೆ ಗೊತ್ತಾಯಿತು.

ಹೆಸರು ಗವಿಸಿದ್ದೇಶ್, ಊರು ಹಗರಿಬೊಮ್ಮನಹಳ್ಳಿ. ಇಸವಿ ತೊಂಬತ್ತೆಂಟು. ದೊಡ್ಡ ಊರುಗಳಲ್ಲಿ ಹಳತಾಯಿತೆಂದು ಮೂಲೆಗೆ ತಳ್ಳಿದ ಮಷೀನನ್ನು ತಂದು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಇಂಗ್ಲಿಷಿನ ಕೊಲೆ ಸಿನಿಮಾಗಳನ್ನು ನೋಡಿ ಯಾರೋ ಪುಣ್ಯಾತ್ಮ ಮಾಡಿದ ಆಟ ಅದು. ಕಾಡಿನ ನಡುವೆ ಬಂಗಲೆ, ಅದರೊಳಗೆ ಓಡುವ ಹುಡುಗಿ, ಹಿಂದೆ ಮುಖಕ್ಕೆ ಗೋಣಿಚೀಲ ಕಟ್ಟಿಕೊಂಡು ಕೊಡಲಿ ಹಿಡಿದು ಬರುವ ರಾಕ್ಷಸ. ಕಾಲೇಜು ಹುಡುಗರು ಅವನಿಗೆ ಕೊಡ್ಲಿ ಮಾವ ಎಂದು ಹೆಸರಿಟ್ಟಿದ್ದರು.

ಕಿರುಚಾಟಕ್ಕೆ ನನ್ನ ಬೆರಳಿಗೆ ಸೂಜಿ ಚುಚ್ಚುತ್ತದೆ ಎಂದು ಪುಷ್ಪಲತಾ ಜಗಳ ತೆಗೆದಳು. ಅವನು ಸೌಂಡು ತಗ್ಗಿಸಿದ. ನಾಲ್ಕು ದಿನ ಗೋಡೆ ಸುಮ್ಮನಿತ್ತು. ಐದನೆಯ ದಿನ ಅವಳೇ ಹೋಗಿ, ಅಷ್ಟೊಂದೇನೂ ತಗ್ಗಿಸುವುದು ಬೇಡ, ಅಂಗಡಿ ಬಿಕೋ ಅನ್ನುತ್ತದೆ ಎಂದಳು. ಅಲ್ಲಿಗೆ ಅವನು ಅರ್ಧ ಗೆದ್ದಂತಾಯಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಅವಳು ಆಡಲು ಕಲಿತಳು. ಆಟದ ಕೊನೆಯ ಬಾಗಿಲ ಮೇಲೆ, ಹಿಂದಕ್ಕೆ ಹೋಗು ಎಂದು ಇಂಗ್ಲಿಷಿನಲ್ಲಿ ಕೆಂಪಕ್ಷರ ಮೂಡುತ್ತಿತ್ತು. ಓದಿದ ಕಾಲೇಜು ಹುಡುಗರೆಲ್ಲ ಹಿಂದಕ್ಕೆ ತಿರುಗಿ ನೇರ ಮಾವನ ಕೊಡಲಿಗೆ ತಲೆ ಕೊಡುತ್ತಿದ್ದರು. ಪುಷ್ಪಲತಾ ಓದಿದಳು, ಬಾಗಿಲು ತಳ್ಳಿದಳು, ಗೆದ್ದಳು.

"ಅದು ಆ ಮಾವ ಬರದಿದ್ದು. ಅವನ ಮಾತು ನಾ ಯಾಕ ಕೇಳ್ಲಿ?" ಎಂದಳು.

ಗವಿಸಿದ್ದೇಶ್ ಪರದೆ ನೋಡುತ್ತಿರಲಿಲ್ಲ. ಅದರ ಬೆಳಕು ಅವಳ ಕೆನ್ನೆಯ ಮೇಲೆ ನೀಲಿಯಿಂದ ಕೆಂಪಾಗುವುದನ್ನು ನೋಡುತ್ತಿದ್ದ. ಅವಳು ಹ್ಯಾಂಡಲ್ ಬಿಡದೆ, ಕತ್ತನ್ನೂ ತಿರುಗಿಸದೆ, ಕಣ್ಣಂಚಿನಲ್ಲೇ ಹಿಡಿದುಹಾಕಿದಳು.

"ಆಟ ಅಲ್ಲಿ ನಡದೈತಿ, ನೀವು ಎಲ್ಲಿ ನೋಡಾಕತ್ತೀರಿ?"

"ನಂದು ಇಲ್ಲೇ ನಡದೈತ್ರಿ," ಎಂದ ಅವನು, ಹೇಳಿಬಿಟ್ಟು ಕಿವಿಯವರೆಗೂ ಕೆಂಪಾದ.

'ರೀ' ಯಾವಾಗ ಹೋಯಿತು, 'ನೀ' ಯಾವಾಗ ಬಂತು, ಇಬ್ಬರಿಗೂ ನೆನಪಿಲ್ಲ. ಆದರೆ ಗಂಡಸು ಮನೆಗೆ ಬಂದು ಹೆಣ್ಣು ಕೇಳುವ ಮಾತೆತ್ತಲಿಲ್ಲ. ಇತ್ತ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಸೋಮವಾರ ಮಗನಿಗೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಪುಷ್ಪಲತಾ ಮನೆಯಲ್ಲಿ ಅಜ್ಜಿ ಕೊಟ್ರಬಸಮ್ಮನದೇ ಕೊನೆಯ ಮಾತು. ಅಪ್ಪ ವೀರಭದ್ರಯ್ಯ ಅವ್ವ ಹಾಕಿದ ಗೆರೆ ದಾಟಿದವನಲ್ಲ. ಸೋಮವಾರ ಬಂದವರ ಮುಂದೆ ಅಜ್ಜಿ ಹೂಂ ಅಂದರೆ ಮುಗಿಯಿತು, ಕೊಟ್ಟ ಮಾತು ಆ ಮನೆಯಲ್ಲಿ ತಿರುಗುವುದಿಲ್ಲ.

ಶುಕ್ರವಾರ ಸಂಜೆ ಅಂಗಡಿ ಮುಚ್ಚುವಾಗ ಪುಷ್ಪಲತಾ ಸುತ್ತಿ ಬಳಸಿ ಮಾತಾಡಲಿಲ್ಲ. "ನಾಳಿ ಮನಿಗೆ ಬಾ. ನಮ್ಮಜ್ಜಿ ಮುಂದ ಕೂತು ನನ್ನ ಕೇಳು," ಎಂದಳು.

ಅವಳು ಮನೆ ಸೇರುವಷ್ಟರಲ್ಲಿ ಅಲ್ಲಿ ಬೇರೆಯೇ ಪಂಚಾಯಿತಿ ನಡೆದಿತ್ತು. ಗೋಣಿಚೀಲದ ಮುಖದ ಕೊಡ್ಲಿ ಮಾವನೊಬ್ಬ ಬಂದಿದ್ದಾನೆ, ಸ್ಟೇಷನ್ ರಸ್ತೆಯಲ್ಲಿರುತ್ತಾನೆ, ಬಾಗಿಲು ಬಡಿದು ಬಡಿದು ಒಳಗೆ ಬರುತ್ತಾನೆ ಎಂದು ಓಣಿಯ ಮಕ್ಕಳು ಕೊಟ್ರಬಸಮ್ಮನ ಕಿವಿಗೆ ಹಾಕಿದ್ದರು. ಅದು ಬರಿಯ ಆಟ ಎಂದು ಪುಷ್ಪಲತಾ ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಹಿಂದೆ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿದಾಗ ಊರಿಗೆ ಊರೇ ಬಾಗಿಲಿಗೆ 'ನಾಳಿ ಬಾ' ಅಂತ ಬರೆದು ಬದುಕಿಕೊಂಡಿರಲಿಲ್ಲವೇ? ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ. ಮರುದಿನ ಬಂದರೂ ಓದುವುದು ಅದನ್ನೇ. ಬರೀ, ಎಂದು ಅಜ್ಜಿ ಅಪ್ಪಣೆ ಮಾಡಿದಳು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಪುಷ್ಪಲತಾ ಬರೆದಳು. ಅವಳ ಮನಸ್ಸು ನಾಳೆ ಉಡುವ ಸೀರೆಯ ಮೇಲಿತ್ತು, ಬರೆದಿದ್ದನ್ನು ಅಲ್ಲೇ ಮರೆತಳು.

ಶನಿವಾರ ಹಸಿರು ಇಳಕಲ್ ಸೀರೆಯುಟ್ಟು ಕಾದಳು. ಮಂಡಕ್ಕಿ ಒಗ್ಗರಣೆ ಮೆತ್ತಗಾಯಿತು, ಚಹಾ ಆರಿತು, ಗವಿಸಿದ್ದೇಶ್ ಬರಲಿಲ್ಲ. ಸಂಜೆಯ ಹೊತ್ತಿಗೆ ಅಳು ಬಂತು, ಅಳುವುದಕ್ಕಿಂತ ಮೊದಲೇ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಅವನು ಮಷೀನಿಗೆ ಹಗ್ಗ ಸುತ್ತುತ್ತಿದ್ದ. ಅಂಗಡಿಯನ್ನು ಹಡಗಲಿ ಊರಿಗೆ ಎತ್ತಿಕೊಂಡು ಹೋಗುತ್ತಾನಂತೆ.

"ನಿನ್ನೆ ಯಾಕ ಬರ್ಲಿಲ್ಲ?"

"ಬಂದಿದ್ದೆ," ಅವನು ತಲೆ ಎತ್ತಲಿಲ್ಲ. "ಮುಂಜಾನಿ ಬಂದೆ, ಸಂಜಿಕಿ ಬಂದೆ. ಎಲ್ಡೂ ಸಲ ನಿನ್ನ ಬಾಗಲಾ ನಾಳಿ ಬಾ ಅಂತು. ಮನಸಿಲ್ಲ ಅಂದ್ರ ಬಾಯಿಲೇ ಹೇಳಬೇಕಿತ್ತು ಪುಷ್ಪಾ. ಆ 'ಳ' ಹಂಗ ಸುತ್ತಿ ಬರಿಯಾಕಿ ಈ ಊರಾಗ ನೀ ಒಬ್ಬಾಕಿನ. ನಿನ್ನ ಅಂಗಡಿ ಬೋರ್ಡು ದಿನಾ ಓದ್ತೀನಿ ನಾ."

ಪುಷ್ಪಲತಾಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದಾಗ ಅವನ ಹಗ್ಗದ ಮೇಲೆಯೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತಲೇ ಅಜ್ಜಿಯ ಕಥೆಯೆಲ್ಲ ಹೇಳಿದಳು.

"ನಿನ್ನ ಮಷೀನಿನ ದೆವ್ವಕ್ಕ ಬರದಿದ್ದು ಲೇ ಅದು. ನನ್ನ ಮನಸಿನ ಮಾತು ನಾ ಬಾಗಲದ ಮ್ಯಾಲೆ ಬರೀತೀನೇನು? ಮುಖಕ್ಕ ಹೇಳ್ತೀನಿ. ನಂಗ ನೀನ ಬೇಕು."

ಗವಿಸಿದ್ದೇಶನ ಕೈಯಿಂದ ಹಗ್ಗ ಜಾರಿತು. "ಬಾಗಲಾ ಬಡಿಯಾಕ ನಂಗ ಹೆದ್ರಿಕಿ ಆತು," ಎಂದ ಮೆಲ್ಲಗೆ.

"ಬರದಿದ್ದು ಓದಿ ತಿರುಗಿದೋರು ಏನಾಗ್ತಾರಂತ ದಿನಾ ನೋಡೀದಿ. ಆದ್ರೂ ಬುದ್ಧಿ ಬರ್ಲಿಲ್ಲ."

"ಹಂಗಾರ ಅದನ್ನ ಅಳಿಸಿಬಿಡು, ಬರ್ತೀನಿ."

"ಅಳಸಂಗಿಲ್ಲ. ನಮ್ಮಜ್ಜಿ ಬರಿಸಿದ್ದು. ಬರೋನು ಹಂಗ ಬರಬೇಕು." ಅವಳು ಬಾಗಿಲ ತನಕ ಹೋಗಿ, ಒಂದು ಸಲ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಒಂದಿಷ್ಟೂ ಉಳಿದಿರಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ಬಡಿದರು. ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೊಟ್ರಬಸಮ್ಮನ ಕೈ ಹಣೆಯ ಮೇಲೇ ನಿಂತಿತು. ಏಳಲು ಹೋದ ವೀರಭದ್ರಯ್ಯನನ್ನು ಕಣ್ಣಲ್ಲೇ ಕೂರಿಸಿದಳು.

"ಯಾರು?"

"ನಾನ್ರೀ ಅಜ್ಜಿ. ಸ್ಟೇಷನ್ ರೋಡಿಂದ ಬಂದೀನಿ."

ಅಡುಗೆಮನೆಯಲ್ಲಿ ಪುಷ್ಪಲತಾ ಹಣೆ ಚಚ್ಚಿಕೊಂಡಳು. ಹೇಳಲು ಬೇರೆ ಮಾತೇ ಸಿಗಲಿಲ್ಲವೇ ಇವನಿಗೆ?

"ಬಾಗಲದ ಮ್ಯಾಲೆ ಏನು ಬರದೈತಿ, ಓದೀಯೋ ಇಲ್ಲೋ?" ಅಜ್ಜಿಯ ದನಿ ಗಡುಸಾಗಿತ್ತು.

"ನಾಳಿ ಬಾ ಅಂತ ಬರದೈತ್ರಿ."

"ಮತ್ತ?"

ಹೊರಗೆ ಸದ್ದಿಲ್ಲ. ಹೋಗಿಬಿಟ್ಟನೇನೋ ಎಂದು ಪುಷ್ಪಲತಾ ಅಡುಗೆಮನೆಯ ಬಾಗಿಲಿಗೆ ಬಂದಳು.

"ನಾಳಿನೂ ಬರ್ತೀನ್ರಿ, ನಾಡದೂ ಬರ್ತೀನಿ," ಎಂದಿತು ದನಿ. "ಇವತ್ತು ಮಾತ್ರ ವಾಪಸ್ ಹೋಗಂಗಿಲ್ಲ. ನಿಮ್ಮ ಪುಷ್ಪಾನ್ನ ಕೇಳಾಕ ಬಂದೀನಿ."

ಕೊಟ್ರಬಸಮ್ಮ ನಿಧಾನವಾಗಿ ವಿಭೂತಿ ಗಟ್ಟಿ ಕೆಳಗಿಟ್ಟಳು. "ದೆವ್ವ ಆಗಿದ್ರ ಓದಿ ಹೋಗಿರತಿತ್ತು. ಇವ ಮನಷ್ಯಾನ ಅದಾನ. ಬಾಗಲಾ ತಗಿ."

ಆಮೇಲೆ ಮನೆತನ, ಮಠ, ಹೊಲ, ದುಡಿಮೆ ಎಲ್ಲವನ್ನೂ ಒಂದೂ ಬಿಡದೆ ಕೆದಕಿದಳು. ಗವಿಸಿದ್ದೇಶ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊನೆಗೆ ಕೊಟ್ರಬಸಮ್ಮ ಮೊಮ್ಮಗಳ ಮುಖ ನೋಡಿದಳು. ಅಲ್ಲಿ ಮೂಗುತಿ ಆಗಲೇ ನಗುತ್ತಿತ್ತು. ಅಜ್ಜಿ ಹೂಂ ಅಂದಳು.

"ಹರಪನಹಳ್ಳ್ಯಾರಿಗೆ ಏನು ಹೇಳ್ಲೆವ್ವ?" ವೀರಭದ್ರಯ್ಯ ತಲೆ ಕೆರೆದುಕೊಂಡ.

"ಫೋನ್ ಮಾಡಿ ಕೈ ಮುಗದು ಹೇಳು. ಆದ್ರೂ ಬಂದ್ರ, ಬಾಗಲದ ಮ್ಯಾಲೆ ಬರದೈತಲ್ಲ, ಓದ್ಕೊಂತಾರ."

ಪುಷ್ಪಲತಾ ಚಹಾ ತಂದಳು. ಅವನು ಅದನ್ನು ಬಸಿಗೆ ಸುರಿಯಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದ.

"ಹೆದ್ರಿಕಿ ಆತೇನು?" ಬಗ್ಗಿ ಪಿಸುಗುಟ್ಟಿದಳು.

"ಭಾಳ ಆತು."

"ಆದ್ರೂ ಬಂದಿ," ಎಂದು ಅವಳು ಅವನ ಎದುರಿಗೇ ಕೂತಳು.