ತಂತಿ ತಾತ ಬರೆಯದ ಮೂರು ಪದ

ತಂತಿ ತಾತನ ಮಗಳು ಬಾಡಿಗೆಯ ಟೈಲರನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆಸಿದಾಗ ತಾತ ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದಿದ್ದರು. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು.

"ನಿನ್ನೆ ಸಂಜೆಯೇ ಜೀವ ಹೋಗಿದೆ," ಎಂದರು ಡಾಕ್ಟರು.

"ಇವತ್ತು ಬೆಳಿಗ್ಗೆ ಅಪ್ಪ ಮೆಸೇಜ್ ಮಾಡಿದಾರಲ್ಲ ಮೇಡಂ!" ಮಗಳು ಇನ್‌ಸ್ಪೆಕ್ಟರ್ ಮುಂದೆ ಫೋನ್ ಹಿಡಿದಳು. "ಬರ್ತೀನಿ ಅಂತ ಹಾಕಿದ್ದೆ. ಅದಕ್ಕೆ ಈ ಉತ್ತರ. ಗಾಬರಿಯಾಗಿ ಓಡಿ ಬಂದೆ."

'ಕ್ಷೇಮ. ಬರುವುದು ಬೇಡ.'

ತಾತನ ಫೋನ್ ಮಹಡಿಯ ಮಂಚದ ಮೇಲಿತ್ತು. ಲಾಕ್ ಇರಲಿಲ್ಲ. ಮನೆಯ ಕೀಲಿ ಮಾತ್ರ ನಾಪತ್ತೆ.

* * *

ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಟೈಲರ್ ಮೇಲೆ ಎಲ್ಲರ ಕಣ್ಣು. ಕೋಣೆ ಬಿಡಬೇಕೆಂದು ತಾತ ಹೇಳಿದ್ದರು. ಇನ್ನೊಂದು ಕೀಲಿಯೂ ಅವನಲ್ಲೇ ಇತ್ತು.

"ನನ್ನಾಣೆ ಮೇಡಂ, ಜಗಳ ಆಡಿಲ್ಲ. ಬೇಕಾದ್ರೆ ಅವರ ಮೆಸೇಜ್ ಓದಿ."

ಇನ್‌ಸ್ಪೆಕ್ಟರ್ ಓದಿದರು. ಕೋಣೆ ಬಿಡು ಎನ್ನುವ ಒಂದು ಮಾತಿಗೆ ತಾತ ಪುಟಗಟ್ಟಲೆ ಬರೆದಿದ್ದರು. ಕ್ಷಮಿಸು ಎಂದು ಆರಂಭ, ಹೊಲಿಗೆಯ ಹೊಗಳಿಕೆ, ಬೇರೆ ಕೋಣೆ ಹುಡುಕಿಕೊಡುವ ಭರವಸೆ.

ಅಷ್ಟರಲ್ಲಿ ಮಗ ಬಂದ. ತಂದೆಯೊಂದಿಗೆ ಐದು ವರ್ಷದಿಂದ ಮಾತಿಲ್ಲದವನು. ತಂಗಿಯ ಫೋನಿನಲ್ಲಿದ್ದ 'ಕ್ಷೇಮ' ಸಂದೇಶ ನೋಡಿ ತಲೆಯಾಡಿಸಿದ.

"ಅಪ್ಪ ಬರೆಯೋದೇ ಹೀಗೆ. ತಂತಿ ಆಫೀಸಲ್ಲಿ ಸವೆದ ಕೈ. ಹಾಸ್ಟೆಲಲ್ಲಿ ನಾನು ಜ್ವರ ಬಂದು ಮಲಗಿದ್ರೂ ಬಂದ ತಂತೀಲಿ ಮೂರೇ ಪದ."

ಇನ್‌ಸ್ಪೆಕ್ಟರ್ ಅವನ ಸ್ಕೂಟರಿನಲ್ಲಿ ಹುಡುಕಿಸಿದರು. ಸೀಟಿನ ಕೆಳಗೆ ತಾತನ ಮನೆಯ ಕೀಲಿ ಸಿಕ್ಕಿತು.

* * *

"ತಂತಿಯಲ್ಲಿ ಪದಪದಕ್ಕೂ ಕಾಸು," ಎಂದರು ಇನ್‌ಸ್ಪೆಕ್ಟರ್. "ಆಗ ನಿಮ್ಮಪ್ಪ ಮಾತು ಮೊಟಕು ಮಾಡಿ ಬರೆದರು. ಫೋನ್ ಕೈಗೆ ಬಂದ ಮೇಲೆ ಕಟ್ಟೆ ಒಡೆಯಿತು. ಮಗಳಿಗೆ ಗೊತ್ತು, ಟೈಲರ್‌ಗೂ ಗೊತ್ತು. ಅವರು ನಕಲು ಮಾಡಿದ್ದರೆ ಉದ್ದಕ್ಕೆ ಬರೆಯುತ್ತಿದ್ದರು. ಹಳೇ ತಂತಿ ಮಾತ್ರ ಓದಿದವನು ನೀನೊಬ್ಬನೇ."

ಮಗ ಮೆಟ್ಟಿಲ ಮೇಲೆ ಕೂತ.

"ಐದು ವರ್ಷ ಯಾಕೆ ಒಂದು ಮಾತೂ ಇಲ್ಲ ಅಂತ ಕೇಳೋಕೆ ಬಂದಿದ್ದೆ. 'ತಾಳು, ಫೋನ್ ತರ್ತೀನಿ' ಅಂತ ಮೆಟ್ಟಿಲು ಹತ್ತಿದ್ರು. ನನ್ನ ಹತ್ರ ಮಾತಾಡೋದು ಬಿಟ್ಟು ಫೋನಲ್ಲಿ ತಂಗೀನ ಕರೀತಾರೆ ಅಂದ್ಕೊಂಡೆ. ಅಂಗಿ ಹಿಡಿದು ಎಳೆದುಬಿಟ್ಟೆ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ. ಬೆಳಿಗ್ಗೆ ಮಹಡೀಲಿದ್ದ ಫೋನಿಗೆ ಇವಳ ಮೆಸೇಜ್ ಬಂತು. ಏನು ಮಾಡ್ಬೇಕು ತೋಚದೆ, ಹಳೇದೇನೂ ನೋಡದೆ ಅಪ್ಪನ ಹಾಗೇ ಉತ್ತರ ಹಾಕಿ, ಬೀಗ ಹಾಕ್ಕೊಂಡು ಹೋದೆ."

ಮಗಳು ಅವನ ಪಕ್ಕ ಬಂದು ಕೂತಳು. "ಅಣ್ಣಾ, ಅಪ್ಪ ನಿಂಗೆ ದಿನಾ ಬರೀತಿದ್ರು ಕಣೋ. ನಿನ್ನ ಹಳೇ ನಂಬರಿಗೆ. ಅದು ಬದಲಾಗಿದ್ದು ಹೇಳ್ಬೇಡ ಅಂತ ನೀನೇ ನನ್ನಿಂದ ಆಣೆ ಹಾಕಿಸ್ಕೊಂಡಿದ್ದೆ. ಆ ಮೆಸೇಜ್ ತೋರಿಸೋಕೇ ಮೇಲೆ ಹೋಗಿರ್ತಾರೆ."

ಇನ್‌ಸ್ಪೆಕ್ಟರ್ ತಾತನ ಫೋನ್ ತೆರೆದರು. 'ಮಗಾ' ಎಂದು ಶುರುವಾದ ಸಾಲುಗಳು. ಒಂದೂ ತಲುಪಿರಲಿಲ್ಲ. ಫೋನ್ ಅವನತ್ತ ಚಾಚಿದರು.

ಮಗ ಕೈ ಮುಂದೆ ಮಾಡಿದ. ಮುಟ್ಟಲಾಗದೆ ಹಿಂದಕ್ಕೆಳೆದುಕೊಂಡ.

"ಎಷ್ಟುದ್ದ ಇದೆ ಮೇಡಂ?"

ಅವರು ಬೆರಳಿನಿಂದ ಸರಿಸುತ್ತಲೇ ಇದ್ದರು.

"ಇನ್ನೂ ಮುಗಿದಿಲ್ಲ."